ತೃಣದ್ರುಮಗಳ ಸವರಿಕೆ: ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಗೃಹೋದ್ಯಾನಗಳಲ್ಲಿ

ತೆಂಗು, ತಾಳೆ, ಈಚಲು, ಬಗನಿ ಮೊದಲಾದ ತಾಳಕುಲದ ವೃಕ್ಷಗಳನ್ನೂ, ಕುಲದಿಂದ ಅವುಗಳಿಗೆ ಬಂಧುಗಳಲ್ಲದಿದ್ದರೂ ಆಕೃತಿಯಿಂದ ಅವುಗಳನ್ನೇ ಹೋಲುವ ಕೇದಗೆ, ಯುಕ್ಕ, ಡ್ರಸೀನ, ಸೈಕಸ್ ಮುಂತಾದ ಗಿಡಗಳನ್ನೂ, ಅವು ಮನೆಯ ಅಂಗಳದಲ್ಲಿ ಅಳತೆಮೀರಿ ಬೆಳೆದು ದಾರಿಗೂ ಸೂರಿಗೂ ತಂತಿಗೂ ಅಡ್ಡವಾದಾಗ, ಗಿಡದ ಜೀವಕ್ಕೂ ಮನೆಮಂದಿಯ ಜೀವಕ್ಕೂ ಕೇಡಾಗದಂತೆ ಒಪ್ಪಗೊಳಿಸುವ ಕ್ರಮವೇ ಈ ಲೇಖನದ ವಿಷಯವು. ಅಮರಸಿಂಹನು ತನ್ನ ಕೋಶದ ವನೌಷಧಿವರ್ಗದಲ್ಲಿ ಖರ್ಜೂರ, ಕೇತಕಿ, ತಾಳಿ ಮೊದಲಾದವನ್ನು ತೃಣದ್ರುಮಗಳೆಂದು ಒಂದೆಡೆ ಸೇರಿಸಿರುವನು. ಹುಲ್ಲನ್ನೂ ತಾಳವನ್ನೂ ಕೇದಗೆಯನ್ನೂ ಏಕದಳ ಸಸ್ಯಗಳೆಂಬ ಒಂದೇ ಮಹಾವರ್ಗದಲ್ಲಿ ಇರಿಸುವ ಇಂದಿನ ಸಸ್ಯಶಾಸ್ತ್ರದೊಡನೆ ಹೋಲಿಸಿ ನೋಡಿದರೆ ಆ ಪ್ರಾಚೀನ ವಿಭಾಗವು ಎಷ್ಟು ಸೂಕ್ಷ್ಮವಾದ ಅವಲೋಕನದಿಂದ ಹುಟ್ಟಿದುದೆಂಬುದು ತಿಳಿಯುತ್ತದೆ. ಸವರಿಕೆಯ ವಿಚಾರದಲ್ಲಿಯೂ ಮೊದಲು ಮನಗಾಣಬೇಕಾದ ಸಂಗತಿ ಇದೇ: ಮಾವು, ಬೇವು, ದಾಳಿಂಬೆಗಳಿಗೆ ಹಿತವಾದ ಕತ್ತಿಯು ಈ ವರ್ಗದ ಗಿಡಗಳಿಗೆ ಹಿತವಲ್ಲ.

ಸೀಮೆ

ಮಹಾರಾಷ್ಟ್ರದ ಮರಾಠವಾಡಾ ವಿಭಾಗದ ದಕ್ಷಿಣ ಅಂಚಿನಲ್ಲಿರುವ ಉಮರ್ಗಾ ತಾಲೂಕು ಇಂದಿನ ಧಾರಾಶಿವ ಜಿಲ್ಲೆಗೆ, ಎಂದರೆ ಮೊದಲಿನ ಉಸ್ಮಾನಾಬಾದಿಗೆ ಸೇರಿದೆ. ನಿಲಂಗಾ, ಉದಗೀರಗಳು 1982ರಲ್ಲಿ ಉಸ್ಮಾನಾಬಾದಿನಿಂದ ಬೇರ್ಪಟ್ಟು ರೂಪುಗೊಂಡ ಲಾತೂರು ಜಿಲ್ಲೆಯವು. ನಿಜಾಮನ ಆಳ್ವಿಕೆಯ ಕಾಲದಲ್ಲಿ ನಿಲಂಗಾ, ಉದಗೀರಗಳೆರಡೂ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಹೋದುವು. ಬಸವಕಲ್ಯಾಣ, ಭಾಲ್ಕಿ, ಔರಾದ, ಆಳಂದ ತಾಲೂಕುಗಳನ್ನು ಒತ್ತಿಕೊಂಡಿರುವ ಈ ಅಂಚಿನ ಹಳ್ಳಿಗಳಲ್ಲಿ ಕನ್ನಡವು ಮರಾಠಿ, ಉರ್ದು ಭಾಷೆಗಳ ನೆರೆಯಲ್ಲಿಯೇ ಮನೆಮಾತಾಗಿ ಉಳಿದುಬಂದಿದೆ. ಸವರಿಕೆಯನ್ನು ‘ಛಾಟಣಿ’ ಎಂದೂ, ಈಚಲನ್ನು ‘ಸಿಂದಿ ಗಿಡ’ವೆಂದೂ, ಬಾಗಿದ ಅಲಗಿನ ಕತ್ತಿಯನ್ನು ‘ಕೊಯ್ತಾ’ ಎಂದೂ ಕನ್ನಡಿಗರೇ ಕರೆಯುವುದು ಆ ನೆರೆಹೊರೆಯ ಫಲ.

ಕಪ್ಪುಕಲ್ಲಿನ ಪ್ರಸ್ಥಭೂಮಿ, ಅದರ ಮೇಲೆ ಎಲ್ಲಿಯೋ ಆಳವಾಗಿ ಎಲ್ಲಿಯೋ ತೆಳ್ಳಗೆ ಹರಡಿದ ಎರೆಮಣ್ಣು, ನಾಲ್ಕು ತಿಂಗಳ ನೆಚ್ಚಿಕೆಯಿಲ್ಲದ ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರುವ ಬಿಸಿಲು ಇವು ಇಲ್ಲಿನ ಪ್ರಕೃತಿ. ಇಂತಹ ನೆಲದಲ್ಲಿ ತಾಳಕುಲದ ಸಹಜ ನಿವಾಸಿಯೆಂದರೆ ಹಳ್ಳದ ದಂಡೆಯ ಸಿಂದಿ ಗಿಡವೊಂದೇ ಎನ್ನಬಹುದು. ತೆಂಗು ಗುಡಿಯ ಬಾವಿಯ ಬಳಿಯಲ್ಲಿಯೋ ಹಳೆಯ ವಾಡೆಗಳ ಬಚ್ಚಲ ನೀರಿನ ಆಸರೆಯಲ್ಲಿಯೋ ಬೆಳೆಯುತ್ತಿದ್ದ ಅಪರೂಪದ ವೃಕ್ಷ. ಅಂಗಳದ ತೋಟವೆಂಬುದು ಇಲ್ಲಿ ಜನಸಾಮಾನ್ಯರ ಬಾಳಿನಲ್ಲಿ ಬೇರೂರಿದ್ದು ಈಚಿನ ದಿನಗಳಲ್ಲಿ, ಅದರ ಒಂದು ಕಾರಣವು ಶೋಕಕರವಾದುದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತಮುತ್ತ ನಡುಗಿದ ಭೂಮಿಯು, ಕಲ್ಲು-ಮಣ್ಣಿನ ದಪ್ಪ ಗೋಡೆಗಳ ಮೇಲೆ ಭಾರವಾದ ಮಣ್ಣಿನ ಮಾಳಿಗೆಯನ್ನು ಹೊತ್ತು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದ ಮನೆಗಳನ್ನು ಕೆಡವಿ, ಮಲಗಿದ್ದ ಸಾವಿರಾರು ಜನರನ್ನು ಬಲಿತೆಗೆದುಕೊಂಡ ಮೇಲೆ, ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ 52 ಗ್ರಾಮಗಳನ್ನು ಹೊಸ ನಿವೇಶನಗಳಿಗೆ ಸ್ಥಳಾಂತರಿಸಲಾಯಿತು. ಅಲ್ಲಿ ಅಗಲವಾದ ಬೀದಿಗಳ ನಡುವೆ ಮನೆಗೊಂದು ತೆರೆದ ಅಂಗಳ ದೊರೆಯಿತು. ಪಟ್ಟಣಗಳಲ್ಲಿಯೂ ಕೋಟೆಪೇಟೆಗಳ ಇಕ್ಕಟ್ಟನ್ನು ಬಿಟ್ಟು ಹೊಸ ಬಡಾವಣೆಗಳಿಗೆ ನಡೆದವರು ಗೇಟಿನ ಎರಡೂ ಬದಿಗೆ ನರ್ಸರಿಯಿಂದ ತಂದ ಬಾಟಲ್ ಪಾಮನ್ನೋ ರಾಯಲ್ ಪಾಮನ್ನೋ, ಹಿತ್ತಿಲಲ್ಲಿ ಒಂದೆರಡು ತೆಂಗನ್ನೋ ನೆಟ್ಟರು. ನೆಡುವಾಗ ಮೊಣಕಾಲೆತ್ತರವಿದ್ದ ಆ ಸಸಿಗಳು ಇಪ್ಪತ್ತು ವರ್ಷಗಳಲ್ಲಿ ಮಾಳಿಗೆಯನ್ನು ಮೀರಿ ಬೆಳೆದು ನಿಂತಿರುವುದರಿಂದಲೇ ಸವರಿಕೆಯ ಪ್ರಶ್ನೆ ಮನೆಮನೆಯದಾಗಿದೆ.

ಅಂಗರಚನೆ ಮತ್ತು ಅದರ ಫಲ

ಮಾವಿನಂಥ ಮರದ ತೊಗಟೆಗೂ ದಿಂಡಿಗೂ ನಡುವೆ ಜೀವಂತವಾದ ಒಂದು ತೆಳು ಪದರವಿದ್ದು, ಅದು ವರ್ಷವರ್ಷವೂ ಹೊರಕ್ಕೆ ತೊಗಟೆಯನ್ನೂ ಒಳಕ್ಕೆ ದಿಂಡನ್ನೂ ಹುಟ್ಟಿಸುತ್ತ ಕಾಂಡವನ್ನು ದಪ್ಪಗೊಳಿಸುತ್ತದೆ. ಕೊಂಬೆಯನ್ನು ಕಡಿದರೆ ಆ ಪದರವೇ ಗಾಯದ ಅಂಚಿನಿಂದ ಉಬ್ಬಿ ಬಂದು ಅದನ್ನು ಮುಚ್ಚುತ್ತದೆ, ಕೆಳಗಿನ ಸುಪ್ತ ಮೊಗ್ಗುಗಳು ಎಚ್ಚತ್ತು ಹೊಸ ಚಿಗುರನ್ನು ತರುತ್ತವೆ. ತಾಳಕುಲದಲ್ಲಿ ಈ ಪದರವಿಲ್ಲ. ಅದರ ಕಾಂಡವು ಮೆತ್ತನೆಯ ಅಂಗಾಂಶದ ನಡುವೆ ಚದುರಿ ನಿಂತ ಸಹಸ್ರಾರು ನಾಳಗಳ ಕಟ್ಟು. ಒಮ್ಮೆ ಗಾಯವಾದರೆ ಅದು ಮುಚ್ಚುವುದಿಲ್ಲ, ಒಣಗಿ ಗಟ್ಟಿಯಾಗಿ ವೃಕ್ಷವು ಬದುಕಿರುವಷ್ಟು ಕಾಲವೂ ಹಾಗೆಯೇ ಉಳಿಯುತ್ತದೆ. ಇದಕ್ಕೆ ಸಾಕ್ಷಿಯನ್ನು ಬೇಡುವವರು ಸಿಂದಿ, ಎಂದರೆ ಹೆಂಡ, ಇಳಿಸಿದ ಈಚಲನ್ನು ನೋಡಬೇಕು. ಇಳಿಸುವವನು ಗರಿಗಳ ಬುಡದಲ್ಲಿ ಎಳೆಯ ಕಾಂಡವನ್ನು ಕೆತ್ತಿ ರಸವನ್ನು ತೆಗೆಯುತ್ತಾನೆ, ಮರುವರ್ಷ ಅದರ ಎದುರು ಬದಿಯಲ್ಲಿ ಕೆತ್ತುತ್ತಾನೆ. ಮರವು ಮೇಲೆ ಬೆಳೆದಂತೆ ಈ ಕಚ್ಚುಗಳು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಕಾಂಡದ ಮೇಲೆ ಕೆಳಗೆ ಉಳಿದು, ಎಷ್ಟು ವರ್ಷ ರಸ ಇಳಿಸಿದರೆಂಬುದನ್ನು ದಾರಿಹೋಕನೂ ಎಣಿಸುವಂತಿರುತ್ತವೆ. ಐವತ್ತು ವರ್ಷದ ಹಿಂದಿನ ಕಚ್ಚು ಕೂಡ ಎಳ್ಳಷ್ಟೂ ತುಂಬಿಕೊಂಡಿರುವುದಿಲ್ಲ.

ಎರಡನೆಯ ವಿಶೇಷವು ಇನ್ನೂ ಮುಖ್ಯವಾದುದು. ಕವಲಿಲ್ಲದ ತಾಳವೃಕ್ಷಕ್ಕೆ ಬೆಳೆಯುವ ಮೊಗ್ಗು ಒಂದೇ, ಅದು ಗರಿಗಳ ನಡುವೆ ಅಡಗಿದ ಸುಳಿ. ಸುಳಿ ಹೋದರೆ ಮರ ಹೋಯಿತು. ಬೇರು, ಕಾಂಡ, ಗರಿ ಎಲ್ಲವೂ ನೆಟ್ಟಗಿದ್ದರೂ ಮತ್ತೊಂದು ಸುಳಿ ಹುಟ್ಟುವುದಿಲ್ಲ. ಆದುದರಿಂದ ‘ತೆಂಗು ಬಹಳ ಎತ್ತರವಾಯಿತು, ಅರ್ಧಕ್ಕೆ ಕಡಿದರೆ ಚಿಗುರೀತು’ ಎಂಬ ಎಣಿಕೆ ಮರವನ್ನು ಕೊಲ್ಲುವ ಎಣಿಕೆಯಾಗುತ್ತದೆ. ತಾಳವೃಕ್ಷದ ಎತ್ತರವನ್ನು ಇಳಿಸುವ ಉಪಾಯ ಲೋಕದಲ್ಲಿ ಎಲ್ಲಿಯೂ ಇಲ್ಲ. ದ್ರಾಕ್ಷಿಗೂ ದಾಳಿಂಬೆಗೂ ವರ್ಷವರ್ಷ ಛಾಟಣಿ ಮಾಡಿ, ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಚಿಗುರು, ಹೆಚ್ಚು ಫಲವೆಂದು ಕೈಯಾರೆ ಕಂಡುಕೊಂಡ ಒಕ್ಕಲಿಗರೇ ಅಂಗಳದ ಪಾಮಿನ ಮೇಲೆ ಕೊಯ್ತಾ ಎತ್ತಿದಾಗ ತಪ್ಪುವುದು ಇಲ್ಲಿ. ಅವರ ಅನುಭವದಲ್ಲಿ ದೋಷವಿಲ್ಲ, ಅದು ಬೇರೆ ಜಾತಿಯ ಗಿಡದ ಅನುಭವ.

ಗರಿಗಳ ವಿಷಯದಲ್ಲಿಯೂ ತಾಳವೃಕ್ಷದ ಲೆಕ್ಕ ಕಟ್ಟುನಿಟ್ಟಾದುದು. ಚೆನ್ನಾಗಿ ಬೆಳೆದ ತೆಂಗು ತಿಂಗಳಿಗೊಂದರಂತೆ ವರ್ಷಕ್ಕೆ ಸುಮಾರು 12 ಗರಿಗಳನ್ನು ಬಿಡುತ್ತದೆ; ಬಿಚ್ಚಿದ ಗರಿ ಎರಡೂವರೆ-ಮೂರು ವರ್ಷ ಬಾಳುವುದರಿಂದ ತಲೆಯಲ್ಲಿ ಸುಮಾರು 30ರಿಂದ 35 ಗರಿಗಳಿರುತ್ತವೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ; ಕೆಳಗಿನ ಗರಿಯ ಮಟ್ಟೆಯೇ ಬಲಿಯುತ್ತಿರುವ ಗೊನೆಗೆ ಆಸರೆ. ಹಸುರು ಗರಿಯನ್ನು ಕಡಿದರೆ ಉಣಿಸುವ ಎಲೆಯೂ ಹೋಯಿತು, ಗೊನೆ ಜೋತುಬಿದ್ದು ಮುರಿಯಿತು. ಹಳೆಯ ಗರಿಯು ಒಣಗುವ ಮುನ್ನ ತನ್ನಲ್ಲಿರುವ ಪೊಟ್ಯಾಸಿಯಂ ಮೊದಲಾದ ಚರ ಪೋಷಕಾಂಶಗಳನ್ನು ಮೇಲಿನ ಎಳೆಯ ಗರಿಗಳಿಗೆ ಹಿಂದಿರುಗಿಸುತ್ತದೆಂಬುದೂ ಸಿದ್ಧವಾದ ಮಾತು; ಹಳದಿ ತಿರುಗಿದ ಗರಿಯನ್ನು ‘ಹೇಗೂ ಒಣಗುವುದೇ’ ಎಂದು ತೆಗೆದರೆ ಆ ದಾಸ್ತಾನು ನಷ್ಟವಾಗಿ, ಕೊರತೆಯು ಅದರ ಮೇಲಿನ ಗರಿಗೆ ಏರುತ್ತದೆ, ಅದೂ ಹಳದಿಯಾಗುತ್ತದೆ, ಅದನ್ನೂ ಕಡಿಯುತ್ತಾರೆ. ಹೀಗೆ ವರ್ಷವರ್ಷವೂ ಬೋಳಿಸಲ್ಪಟ್ಟ ಮರದ ಕಾಂಡವು ಮೇಲಕ್ಕೆ ಹೋದಂತೆ ಸಣ್ಣಗಾಗಿ, ತಲೆಯ ಕೆಳಗೆ ಕತ್ತು ಹಿಚುಕಿದಂತೆ ಕಾಣತೊಡಗುತ್ತದೆ. ಆ ಕತ್ತು ಮತ್ತೆ ದಪ್ಪಗಾಗುವಂತಿಲ್ಲ.

ಯಾವುದನ್ನು ಹೇಗೆ

ಕತ್ತಿಯನ್ನು ಕೈಗೆ ತೆಗೆದುಕೊಳ್ಳುವ ಮುನ್ನ ಗಿಡವು ಯಾವ ಬಗೆಯದೆಂದು ನಿರ್ಣಯಿಸಬೇಕು. ಆಕೃತಿಯ ಸಾದೃಶ್ಯಕ್ಕೆ ಮೋಸಹೋದರೆ ಒಂದಕ್ಕೆ ಸಲ್ಲುವ ಕ್ರಮವು ಮತ್ತೊಂದಕ್ಕೆ ಮರಣವಾಗುತ್ತದೆ.

ಒಂಟಿ ಕಾಂಡದ ನಿಜವಾದ ತಾಳಗಳು ಮೊದಲನೆಯ ಬಗೆ: ತೆಂಗು, ತಾಳೆ, ಈಚಲು, ಫ್ಯಾನ್ ಪಾಮ್, ಬಗನಿ ಇತ್ಯಾದಿ. ಇವುಗಳಲ್ಲಿ ಸಂಪೂರ್ಣವಾಗಿ ಒಣಗಿ ಕಂದಾದ ಗರಿ, ಮುರಿದು ನೇತಾಡುವ ಗರಿ, ಒಣಗಿದ ಹೊಂಬಾಳೆ ಮತ್ತು ಬೇಡವಾದ ಕಾಯಿಗೊನೆ ಇಷ್ಟನ್ನೇ ತೆಗೆಯತಕ್ಕದ್ದು. ಜಾಗದ ಅಡಚಣೆಯಿಂದ ಹಸುರು ಗರಿಯನ್ನು ತೆಗೆಯಲೇಬೇಕಾದ ಪ್ರಸಂಗ ಬಂದರೆ, ನೆಲಕ್ಕೆ ಸಮಾನಾಂತರವಾಗಿ ಚಾಚಿದ ಗರಿಗಿಂತ ಕೆಳಗೆ ಬಾಗಿದವನ್ನು ಮಾತ್ರ ಮುಟ್ಟಬಹುದು. ಅದಕ್ಕಿಂತ ಮೇಲೆದ್ದು ನಿಂತ ಒಂದು ಗರಿಯನ್ನೂ ಕಡಿಯಕೂಡದು. ಸುಳಿಯ ಸುತ್ತ ನಾಲ್ಕಾರು ಗರಿಗಳನ್ನು ಮಾತ್ರ ಉಳಿಸಿ ತಲೆಯನ್ನು ಬೋಳಿಸಿದರೆ ಗಾಳಿಯ ಹೊಡೆತಕ್ಕೆ ಮರವು ಸಿಕ್ಕುವುದಿಲ್ಲವೆಂಬ ನಂಬಿಕೆಯು ಅಮೆರಿಕದ ಫ್ಲಾರಿಡದಲ್ಲಿ ಬಹುಕಾಲ ಪ್ರಚಲಿತವಾಗಿತ್ತು; ಚಂಡಮಾರುತಗಳನ್ನು ಕಂಡ ಅಲ್ಲಿನ ಉದ್ಯಾನಶಾಸ್ತ್ರಜ್ಞರೇ ಈಗ ಆ ಪದ್ಧತಿಯನ್ನು ಬೇಡವೆನ್ನುತ್ತಿದ್ದಾರೆ. ಬಾಗಿ ತೂಗುವ ಕೆಳಗರಿಗಳು ಸುಳಿಗೆ ರಕ್ಷಣೆ. ಅವಿಲ್ಲದ ತಲೆಯಲ್ಲಿ ಎಳೆಯ ಸುಳಿಯೇ ಗಾಳಿಗೆ ಮುರಿಯುತ್ತದೆ. ಮರಾಠವಾಡದ ರೋಹಿಣಿ ಮಳೆಯ ಮುನ್ನಿನ ಬಿರುಗಾಳಿಗೂ ಈ ಮಾತು ಅನ್ವಯಿಸುತ್ತದೆ.

ರಾಯಲ್ ಪಾಮ್, ಬಾಟಲ್ ಪಾಮ್, ಫಾಕ್ಸ್‌ಟೇಲ್ ಪಾಮ್ ಮತ್ತು ನಮ್ಮ ಅಡಿಕೆ, ಇವುಗಳ ಗರಿಯ ಬುಡವು ಹಾಳೆಯಾಗಿ ಕಾಂಡವನ್ನು ಸುತ್ತಿಕೊಂಡು ಹಸುರು ಕಂಬದಂತಾಗಿರುತ್ತದೆ. ಒಣಗಿದ ಗರಿಯು ಹಾಳೆಸಮೇತ ತಾನಾಗಿಯೇ ಕಳಚಿ ಬೀಳುವುದರಿಂದ ಇವಕ್ಕೆ ಸವರಿಕೆಯೇ ಬೇಕಿಲ್ಲ. ಆ ಹಸುರು ಹಾಳೆಯನ್ನು ಅಂದಕ್ಕಾಗಿ ಸುಲಿಯುವುದು ಸುಳಿಯ ಗೋಡೆಯನ್ನೇ ಒಡೆಯುವುದಾಗುತ್ತದೆ. ಕ್ಯೂಬಾ ಮೂಲದ ರಾಯಲ್ ಪಾಮಿನ ಬೆಳೆದ ಗರಿಯು ಒಬ್ಬಾಳು ಎತ್ತಲು ಪ್ರಯಾಸಪಡುವಷ್ಟು ಭಾರವಾಗಿರುವುದರಿಂದ, ಅದರ ಕೆಳಗೆ ಮಕ್ಕಳ ಆಟದ ಜಾಗವನ್ನಾಗಲಿ ಮೋಟಾರು ನಿಲ್ಲಿಸುವ ಚಪ್ಪರವನ್ನಾಗಲಿ ಮಾಡುವುದು ಅವಿವೇಕ.

ಬಗನಿಗೆ ಒಂದು ಪ್ರತ್ಯೇಕ ಮಾತು ಸಲ್ಲುತ್ತದೆ. ಮೀನಿನ ಬಾಲದಂಥ ಎಲೆಗಳ ಈ ವೃಕ್ಷವು ಆಯುಸ್ಸಿನ ಕೊನೆಯಲ್ಲಿ ತುದಿಯಿಂದ ಹೂಬಿಡಲಾರಂಭಿಸಿ, ವರ್ಷಾನುಗಟ್ಟಲೆ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತ ಜಡೆಯಂತಹ ಗೊನೆಗಳನ್ನು ಬಿಟ್ಟು, ಕೊನೆಯ ಗೊನೆ ಮುಗಿದೊಡನೆ ಸಾಯುತ್ತದೆ. ಹೂವು ಕಂಡ ಮೇಲೆ ಯಾವ ಆರೈಕೆಯೂ ಅದನ್ನು ಉಳಿಸದು. ಮನೆಯವರು ಆಗಲೇ ಕೆಡವುವ ಸಿದ್ಧತೆ ಮಾಡಿಕೊಳ್ಳುವುದು ಯುಕ್ತ. ಅದರ ಹಣ್ಣಿನ ತಿರುಳಿನಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿದ್ದು ಮೈಗೆ ತಗುಲಿದರೆ ಉರಿಯೂ ತುರಿಕೆಯೂ ಉಂಟಾಗುವುದರಿಂದ ಗೊನೆಯನ್ನು ಬರಿಗೈಯಲ್ಲಿ ಹಿಡಿಯಬಾರದು. ಈಚಲಿನ ಗರಿಯ ಬುಡದ ಕಿರುಎಲೆಗಳು ಮುಳ್ಳುಗಳಾಗಿ ಮಾರ್ಪಟ್ಟಿರುತ್ತವೆ. ಬೆರಳಿನ ಗೆಣ್ಣಿನಲ್ಲಿ ಮುರಿದು ಉಳಿದ ಮುಳ್ಳಿನ ತುಂಡು ತಿಂಗಳುಗಟ್ಟಲೆ ಬಾವನ್ನು ತರಬಲ್ಲುದು, ಆದುದರಿಂದ ದಪ್ಪ ಚರ್ಮದ ಕೈಗವಸನ್ನು ತೊಟ್ಟು, ಮೊದಲು ಮುಳ್ಳುಗಳನ್ನು ಕತ್ತರಿಸಿ, ಬಳಿಕ ಗರಿಗೆ ಕೈಹಾಕಬೇಕು.

ಎರಡನೆಯ ಬಗೆಯು ಪೊದೆಯಾಗಿ ಬೆಳೆಯುವ ತಾಳಗಳದು. ಮನೆಯ ಮುಂದಿನ ಕುಂಡಗಳಲ್ಲಿ ಎಲ್ಲೆಲ್ಲಿಯೂ ಕಾಣುವ, ಮಡಗಾಸ್ಕರ್ ಮೂಲದ ಅರೆಕಾ ಪಾಮ್ ಇದರ ಪ್ರಸಿದ್ಧ ನಿದರ್ಶನ. ಇಲ್ಲಿ ಪ್ರತಿ ಕಾಂಡಕ್ಕೂ ಅದರದೇ ಸುಳಿಯಿದ್ದು ಬುಡದಿಂದ ಹೊಸ ಕಾಂಡಗಳು ಏಳುತ್ತಿರುತ್ತವೆ. ಆದುದರಿಂದ ಬಹಳ ಎತ್ತರವಾದ ಹಳೆಯ ಕಾಂಡವನ್ನು ನೆಲಮಟ್ಟದಲ್ಲಿ ಪೂರ್ತಿಯಾಗಿ ತೆಗೆದುಬಿಡಬಹುದು. ನಡುವಿನಲ್ಲಿ ಕತ್ತರಿಸಿದರೆ ಆ ಮೊಂಡು ಕೊಳೆಯುವುದೇ ಹೊರತು ಚಿಗುರುವುದಿಲ್ಲ.

ಮೂರನೆಯದು ತಾಳವಲ್ಲದ ತಾಳಸದೃಶಗಳು. ಇವುಗಳಲ್ಲಿ ಯುಕ್ಕ, ಡ್ರಸೀನ, ಕಾರ್ಡಿಲೈನ್‌ಗಳು ಕವಲೊಡೆಯುವ ಸ್ವಭಾವದವು. ಸೂರನ್ನು ಮುಟ್ಟಿದ ಯುಕ್ಕದ ತಲೆಯನ್ನು ಬೇಕಾದ ಎತ್ತರದಲ್ಲಿ ಹರಿತವಾದ ಗರಗಸದಿಂದ ಕತ್ತರಿಸಿದರೆ ಕೆಳಗಿನಿಂದ ಎರಡು-ಮೂರು ಹೊಸ ತಲೆಗಳೇಳುತ್ತವೆ, ಕತ್ತರಿಸಿದ ತುಂಡನ್ನು ಕೆಲವು ದಿನ ನೆರಳಿನಲ್ಲಿ ಒಣಗಿಸಿ ಮಣ್ಣಿಗಿಟ್ಟರೆ ಅದೂ ಬೇರುಬಿಡುತ್ತದೆ. ತೆಂಗಿಗೆ ಮರಣವಾದುದೇ ಇದಕ್ಕೆ ಪುನರ್ಜನ್ಮ. ಕೇದಗೆಯೂ ಕವಲೊಡೆಯುವುದಾದುದರಿಂದ ಕೊಂಬೆ ಸವರಲು ಅಡ್ಡಿಯಿಲ್ಲ, ಅದರ ಊರೆಬೇರುಗಳನ್ನು ಮಾತ್ರ ಕಡಿಯಬಾರದು. ಬೀಸಣಿಗೆಯಂತೆ ಒಂದೇ ಸಮತಲದಲ್ಲಿ ಗರಿ ಬಿಚ್ಚುವ ಟ್ರಾವೆಲರ್ಸ್ ಪಾಮ್ ಬಾಳೆಗೆ ಹತ್ತಿರದ ಬಂಧು. ಒಣಗಿದ ಹೊರಗರಿಯನ್ನೂ ಬುಡದ ಕಂದುಗಳನ್ನೂ ತೆಗೆದರೆ ಅದರ ರೂಪ ನಿಲ್ಲುತ್ತದೆ.

ಸೈಕಸ್ ಈ ಯಾವ ಕುಲಕ್ಕೂ ಸೇರದ, ಹೂವೇ ಬಿಡದ ಅತಿ ಪ್ರಾಚೀನ ವಂಶದ ಸಸ್ಯ. ವರ್ಷಕ್ಕೊಮ್ಮೆ ಒಂದು ಸುತ್ತು ಗರಿಗಳನ್ನು ಒಟ್ಟಿಗೆ ಬಿಡುವುದರಿಂದ, ಹೊಸ ಸುತ್ತು ಬಿಚ್ಚಿ ಬಲಿತ ಬಳಿಕ ಕೆಳಗಿನ ಒಣಗಿದ ಸುತ್ತನ್ನು ಮಾತ್ರ ತೆಗೆಯಬೇಕು. ಕಾಂಡದ ಪಕ್ಕದಲ್ಲಿ ಹುಟ್ಟುವ ಮರಿಗಳನ್ನು ಬಿಡಿಸಿ ನೆಟ್ಟರೆ ಹೊಸ ಗಿಡವಾಗುತ್ತದೆ. ಅದರ ಬೀಜವು ವಿಷಯುಕ್ತ. ನಾಯಿ, ಕರು, ಮೇಕೆಗಳಿರುವ ಅಂಗಳದಲ್ಲಿ ಸವರಿದ ಕಸವನ್ನೂ ಬೀಜವನ್ನೂ ಅವುಗಳ ಬಾಯಿಗೆ ಸಿಕ್ಕದಂತೆ ದೂರ ಹಾಕಬೇಕು.

ಆಯುಧ, ಗಾಯ, ಕೀಟ

ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆದ ಸಂಸ್ಥೆಯು ತೆಂಗಿನ ಶತ್ರುಗಳ ವಿಷಯದಲ್ಲಿ ನೀಡಿರುವ ಉಪದೇಶವು ಕನ್ನಡನಾಡಿನ ಈ ಉತ್ತರದ ಅಂಚಿಗೂ ಉಪಯುಕ್ತವಾದುದು. ಕೆಂಪು ಮೂತಿ ಹುಳುವು ಹಸಿಗಾಯದ ವಾಸನೆಗೆ ಆಕರ್ಷಿತವಾಗಿ ಬಂದು ಅಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಕಾಂಡದ ಒಳಗನ್ನು ತಿಂದು ಟೊಳ್ಳು ಮಾಡುತ್ತವೆ. ಹೊರಗೆ ಕಂದು ರಸ ಸೋರುವುದು ಕಾಣುವ ಹೊತ್ತಿಗೆ ಮರವು ಕೈಮೀರಿರುತ್ತದೆ. ಈ ಕಾರಣದಿಂದ ಹಸುರು ಗರಿಯನ್ನು ತೆಗೆಯಲೇಬೇಕಾದಲ್ಲಿ ಕಾಂಡಕ್ಕೆ ಹತ್ತಿಸಿ ಕಡಿಯದೆ 120 ಸೆಂಟಿಮೀಟರಿನಷ್ಟು ಮಟ್ಟೆಯನ್ನು ಬಿಟ್ಟು ಕಡಿಯಬೇಕೆಂದು ವಿಧಿಸಲಾಗಿದೆ. ಹುಳು ಕಡಿದ ತುದಿಯಿಂದ ಹೊಕ್ಕರೂ ಕಾಂಡವನ್ನು ಮುಟ್ಟುವ ಮುನ್ನ ಮಟ್ಟೆ ಒಣಗುತ್ತದೆ. ಅಂದಕ್ಕೆಂದು ಮಟ್ಟೆಯ ಬುಡವನ್ನು ನುಣ್ಣಗೆ ಹೆರೆಯುವ ರೂಢಿಯು ಈ ದೃಷ್ಟಿಯಿಂದ ಅತ್ಯಂತ ಅಪಾಯಕಾರಿ. ಕೊಂಬಿನ ರೈನೋಸರಸ್ ದುಂಬಿಯು ಸುಳಿಯನ್ನೇ ಕೊರೆಯುವಂಥದು, ಬಿಚ್ಚಿದ ಗರಿಗಳಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ತ್ರಿಕೋನದ ಕಚ್ಚುಗಳು ಅದರ ಗುರುತು. ಅದು ಬೆಳೆಯುವುದು ತಿಪ್ಪೆಯಲ್ಲಿಯೂ ಕೊಳೆತ ಕಾಂಡದಲ್ಲಿಯೂ; ಅಂಗಳದ ಪಕ್ಕದಲ್ಲಿಯೇ ತಿಪ್ಪೆಯಿರುವ ಹಳ್ಳಿಯ ಮನೆಗಳಲ್ಲಿ ಗೊಬ್ಬರವನ್ನು ಆಗಾಗ ತಿರುವಿ ಬಿಳಿಯ ಮರಿಹುಳುಗಳನ್ನು ಆಯ್ದು ತೆಗೆಯುವುದೇ ಒಂದು ದೊಡ್ಡ ಚಿಕಿತ್ಸೆ. ಬೇವಿನ ಹಿಂಡಿಗೆ ಸಮಪ್ರಮಾಣದ ಮರಳು ಬೆರೆಸಿ ಸುಳಿಯ ಸುತ್ತಲಿನ ಗರಿಕಂಕುಳಲ್ಲಿ ತುಂಬುವುದೂ ಸಂಸ್ಥೆಯು ಒಪ್ಪಿದ ಕ್ರಮವೇ. ಬೇವಿಗೆ ಕೊರತೆಯಿಲ್ಲದ ಮರಾಠವಾಡದಲ್ಲಿ ಅದು ಸುಲಭಸಾಧ್ಯ.

ಕೊಯ್ತಾ ಬೀಸಿ ಹೊಡೆಯುವುದಕ್ಕಿಂತ ಗರಗಸದಿಂದ ಕೊಯ್ಯುವುದು ಲೇಸು, ಏಕೆಂದರೆ ಗುರಿತಪ್ಪಿದ ಒಂದು ಏಟು ಕಾಂಡದ ಮೇಲೆ ಮುಚ್ಚಲಾಗದ ಗಾಯವನ್ನು ಬಿಡುತ್ತದೆ. ಅರ್ಧ ಒಣಗಿದ ಗರಿಯನ್ನು ಜಗ್ಗಿ ಕೀಳುವುದೂ ಹತ್ತಲು ಅನುಕೂಲವೆಂದು ಕಾಂಡದಲ್ಲಿ ಮೆಟ್ಟಿಲು ಕೆತ್ತುವುದೂ ಸಲ್ಲದು. ಒಂದು ಮರದಿಂದ ಮತ್ತೊಂದಕ್ಕೆ ಹೋಗುವಾಗ ಅಲಗನ್ನು ತೊಳೆದು ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಕೆಲವು ನಿಮಿಷ ಅದ್ದಬೇಕು. ಕೆನರಿ ದ್ವೀಪದ ಖರ್ಜೂರಗಳಿಗೆ ತಗಲುವ ಫ್ಯುಸೇರಿಯಂ ಸೊರಗು ರೋಗವು ಅನೇಕ ದೇಶಗಳ ಉದ್ಯಾನಗಳಲ್ಲಿ ಹರಡಿದ್ದು ಸವರುವವರ ಗರಗಸದ ಮೂಲಕವೇ ಎಂಬುದು ಎಲ್ಲ ತೋಟಗಾರರೂ ನೆನಪಿಡತಕ್ಕ ಸಂಗತಿ. ಸುಳಿ ಕೊಳೆಯತೊಡಗಿದ ಮರದಲ್ಲಿ ಕೊಳೆತ ಭಾಗವನ್ನೆಲ್ಲ ಸ್ವಚ್ಛವಾಗಿ ಕೆತ್ತಿ ತೆಗೆದು ಬೋರ್ಡೋ ಮುಲಾಮನ್ನು, ಎಂದರೆ ಒಂದು ಲೀಟರು ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣವನ್ನು ಪ್ರತ್ಯೇಕವಾಗಿ ಕರಗಿಸಿ ಕೂಡಿಸಿದ ಲೇಪವನ್ನು ಹಚ್ಚಬೇಕು. ಹೊಸ ಗರಿ ಕಾಣುವವರೆಗೆ ಮಳೆನೀರು ಒಳಗಿಳಿಯದಂತೆ ಮುಚ್ಚಿಡಬೇಕು.

ಕಾಲ, ಬರ, ಆಲಿಕಲ್ಲು

ಪೂರ್ಣವಾಗಿ ಒಣಗಿದ ಗರಿಯನ್ನು ತೆಗೆಯಲು ಎಲ್ಲ ಕಾಲವೂ ಸರಿಯೇ; ಹಸಿಯನ್ನು ಮುಟ್ಟಬೇಕಾದ ಕೆಲಸಕ್ಕೆ ಮಾತ್ರ ಮಾರ್ಗಶಿರದಿಂದ ಮಾಘದವರೆಗಿನ ಒಣ ಚಳಿಗಾಲ ಪ್ರಶಸ್ತ. ಮಳೆಗಾಲದ ತೇವದಲ್ಲಿ ಗಾಯಕ್ಕೆ ಕೊಳೆ ತಗಲುವುದು ಬೇಗ, ದುಂಬಿಗಳ ಓಡಾಟವೂ ಆಗಲೇ ಹೆಚ್ಚು. ಚೈತ್ರ ವೈಶಾಖಗಳಲ್ಲಿ ಗರಿಯ ನೆರಳು ಸುಳಿಗೂ ಬೇಕು, ಬುಡಕ್ಕೂ ಬೇಕು.

ಈ ಸೀಮೆಯಲ್ಲಿ ಸವರಿಕೆಯ ಹೆಸರಿನಲ್ಲಿ ಮರಗಳಿಗೆ ಆಗುವ ದೊಡ್ಡ ಅನ್ಯಾಯವು ಬರಗಾಲದಲ್ಲಿ ಆಗುತ್ತದೆ. 2016ರ ಏಪ್ರಿಲಿನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಗಿ ಬಂದ ನೆನಪು ಇನ್ನೂ ಹಸಿಯಾಗಿದೆ. ಅಂತಹ ವರ್ಷಗಳಲ್ಲಿ ಮನುಷ್ಯರಿಗೇ ಕೊಡ ನೀರಿಲ್ಲದಿರುವಾಗ, ಬೇಸಿಗೆಯಲ್ಲಿ ದಿನಕ್ಕೆ 40ರಿಂದ 50 ಲೀಟರು ಬೇಡುವ ತೆಂಗಿಗೆ ನೀರೆಲ್ಲಿಂದ ಬಂದೀತು? ಗರಿಗಳು ಜೋತುಬೀಳುತ್ತವೆ, ಕೆಳಗಿನವು ಒಂದರ ಹಿಂದೊಂದು ಒಣಗುತ್ತವೆ. ಎಲೆ ಕಡಿಮೆಯಾದರೆ ನೀರಿನ ಬೇಡಿಕೆಯೂ ಕಡಿಮೆಯಾದೀತೆಂದು ಮನೆಯವರು ಉಳಿದ ಹಸುರನ್ನೂ ಕತ್ತರಿಸುತ್ತಾರೆ. ಮರವೇ ತನಗೆ ಬೇಡವಾದ ಗರಿಯನ್ನು ತಾನೇ ಒಣಗಿಸಿಕೊಳ್ಳಬಲ್ಲುದು, ಒಣಗಿಸುವಾಗ ಅದರ ಸಾರವನ್ನೂ ಹಿಂತೆಗೆದುಕೊಳ್ಳಬಲ್ಲುದು. ನಾವು ಮಾಡಬೇಕಾದುದು ಬುಡದ ಸುತ್ತ ಒಂದೂವರೆ-ಎರಡು ಮೀಟರು ತ್ರಿಜ್ಯದ ಪಾತಿಯಲ್ಲಿ ಬಿದ್ದ ಗರಿ, ತೆಂಗಿನ ಸಿಪ್ಪೆ, ತೊಗರಿಯ ಹೊಟ್ಟು ಹರಡಿ ಮಣ್ಣಿನ ತೇವವನ್ನು ಉಳಿಸುವುದು, ಮನೆಯ ಬಳಸಿದ ನೀರನ್ನು ಪಾತಿಗೆ ತಿರುಗಿಸುವುದು. ಹಳದಿಯೆಲ್ಲವೂ ಬಾಯಾರಿಕೆಯಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಕೆಳಗರಿ ಹಳದಿಯಾದರೆ ವಯಸ್ಸು, ಬರ, ಇಲ್ಲವೆ ಪೊಟ್ಯಾಸಿಯಂ ಮೆಗ್ನೀಸಿಯಂಗಳ ಕೊರತೆ. ಮೇಲಿನ ಎಳೆಯ ಗರಿಯೇ ಬಿಳಿಚಿಕೊಂಡರೆ, ಸುಣ್ಣದ ಅಂಶ ಹೆಚ್ಚಿರುವ ಎರೆಮಣ್ಣಿನಲ್ಲಿ ಕಬ್ಬಿಣವು ಬೇರಿಗೆ ದೊರೆಯದಿರುವುದು ಬಹುಮಟ್ಟಿಗೆ ಕಾರಣ. ಇದಾವುದಕ್ಕೂ ಕತ್ತಿಯು ಔಷಧವಲ್ಲ, ಗೊಬ್ಬರವೇ ಔಷಧ. ಪರಭಣಿಯ ಕೃಷಿ ವಿಶ್ವವಿದ್ಯಾಲಯಕ್ಕೋ ಬೀದರದ ತೋಟಗಾರಿಕೆ ಕಾಲೇಜಿಗೋ ಒಣಗಿದ ಗರಿಯೊಂದನ್ನು ಒಯ್ದು ತೋರಿಸುವುದು ಅದನ್ನು ಕಡಿದು ಎಸೆಯುವುದಕ್ಕಿಂತ ಹೆಚ್ಚು ಫಲದಾಯಕ.

ಆಲಿಕಲ್ಲಿನ ಹೊಡೆತವು ಇನ್ನೊಂದು ಪ್ರಸಂಗ. 2014ರ ಫೆಬ್ರವರಿ-ಮಾರ್ಚಿನಲ್ಲಿ ಮರಾಠವಾಡದ ಮೇಲೆ ಸುರಿದ ಆಲಿಕಲ್ಲು ಹೊಲದ ಬೆಳೆಯನ್ನು ನೆಲಸಮ ಮಾಡಿದಂತೆಯೇ ಮರಗಿಡಗಳ ಎಲೆಗಳನ್ನೂ ಚಿಂದಿಯಾಗಿಸಿತು. ಹರಿದ ಗರಿ ಕಣ್ಣಿಗೆ ಹಿತವಲ್ಲ, ಆದರೆ ಹಸುರಿರುವಷ್ಟು ಕಾಲ ಅದು ಮರಕ್ಕೆ ಅನ್ನವನ್ನು ಉಣಿಸುತ್ತಲೇ ಇರುತ್ತದೆ. ಹೊಸ ಗರಿಗಳು ಬಿಚ್ಚುವವರೆಗೆ ಅದನ್ನು ಸಹಿಸಬೇಕು.

ಸಿಂದಿ ಗಿಡ: ಕಡಿದುದರ ಚರಿತ್ರೆ

ಈ ಸೀಮೆಯ ತಾಳಕುಲದ ಚರಿತ್ರೆಯನ್ನು ಸಿಂದಿ ಗಿಡವನ್ನು ಬಿಟ್ಟು ಬರೆಯುವಂತಿಲ್ಲ. ಹೈದರಾಬಾದ್ ಸಂಸ್ಥಾನದ ಬೊಕ್ಕಸಕ್ಕೆ ಅಬಕಾರಿಯು ದೊಡ್ಡ ಆದಾಯವಾಗಿತ್ತು, ಅಬಕಾರಿಗೆ ಈಚಲು-ತಾಳೆಗಳ ಸಿಂದಿಯು ದೊಡ್ಡ ಆಧಾರವಾಗಿತ್ತು. 1947ರಲ್ಲಿ ಸಂಸ್ಥಾನವು ಭಾರತದ ಒಕ್ಕೂಟಕ್ಕೆ ಸೇರಬೇಕೆಂದು ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದಲ್ಲಿ ಸ್ಟೇಟ್ ಕಾಂಗ್ರೆಸ್ಸು ಹೂಡಿದ ಹೋರಾಟದಲ್ಲಿ, ಆ ಆದಾಯದ ಬೇರನ್ನೇ ಕೀಳುವ ಉದ್ದೇಶದಿಂದ ಸಿಂದಿ ಗಿಡಗಳನ್ನು ಕಡಿಯುವುದು ಸತ್ಯಾಗ್ರಹದ ಒಂದು ಕಾರ್ಯಕ್ರಮವಾಯಿತು. ಅಂದು ಕೊಡಲಿ ಎತ್ತಿದವರ ಧ್ಯೇಯವು ಪೂಜ್ಯವಾದುದು, ಅದರ ಕುರಿತು ಎರಡು ಮಾತಿಲ್ಲ. ಆದರೆ ಹಳ್ಳದ ದಂಡೆಯ ಮಣ್ಣನ್ನು ಹಿಡಿದು ನಿಲ್ಲಿಸಿದ್ದ, ಬರಗಾಲದಲ್ಲಿಯೂ ಹಸುರಾಗಿ ಉಳಿಯುತ್ತಿದ್ದ, ಬಡವರಿಗೆ ಹಣ್ಣನ್ನೂ ಚಾಪೆಯನ್ನೂ ಕಸಬರಿಗೆಯನ್ನೂ ಕೊಡುತ್ತಿದ್ದ ಆ ಗಿಡವು ಸ್ವಾತಂತ್ರ್ಯ ಬಂದ ಮೇಲೂ ಕೇವಲ ಹೆಂಡದ ಗಿಡವೆಂಬ ಹೀನಾಯವನ್ನು ಹೊತ್ತೇ ಉಳಿಯಿತು, ಹೊಲದ ಬದುಗಳಿಂದಲೂ ಅಂಗಳಗಳಿಂದಲೂ ಅನಾದರದಿಂದ ಕಡಿಯಲ್ಪಟ್ಟಿತು. ವಿದೇಶಗಳಿಂದ ಬಂದ ಪಾಮುಗಳಿಗೆ ಗೇಟಿನ ಬಳಿ ಸ್ಥಾನವನ್ನು ಕೊಟ್ಟು, ನೀರು ಬೇಡದ ಸ್ವದೇಶದ ಈಚಲಿಗೆ ಕೊಡಲಿಯನ್ನು ಕೊಡುವುದು ನ್ಯಾಯವಲ್ಲ. ಮುಳ್ಳಿನ ಭಯವಿಲ್ಲದ ಹಿತ್ತಿಲ ಮೂಲೆಯೊಂದಿದ್ದರೆ ಈ ಸೀಮೆಯ ತೋಟಕ್ಕೆ ಅದಕ್ಕಿಂತ ತಕ್ಕ ತಾಳವಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಸವರಿದ ಗರಿಯ ಉಪಯೋಗದಲ್ಲಿಯೂ ಈಚಲೇ ಮುಂದು. ಅದರ ಎಲೆಯಿಂದ ಕಟ್ಟಿದ ಕಸಬರಿಗೆಯನ್ನು ಮರಾಠವಾಡದ ಮನೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸದಾಗಿ ತಂದು ಅರಿಸಿನ ಕುಂಕುಮವಿಟ್ಟು ಪೂಜಿಸುತ್ತಾರೆ. ಮರಾಠಿ ಮನೆಗಳಲ್ಲಿಯೂ ಕನ್ನಡದ ಮನೆಗಳಲ್ಲಿಯೂ ಈ ಆಚಾರವು ಉಂಟು. ತೆಂಗಿನ ಗರಿಯ ಕಡ್ಡಿಯಿಂದ ಅಂಗಳದ ಪೊರಕೆ, ಮಟ್ಟೆಯಿಂದ ಒಲೆಗೆ ಸೌದೆ. ಉಳಿದುದನ್ನು ಸುಡದೆ ಸಗಣಿಯೊಡನೆ ಕೊಳೆಯಿಸಿ ಎರೆಹುಳುಗಳಿಗೆ ಉಣಿಸಿ ಗೊಬ್ಬರ ಮಾಡುವ ವಿಧಾನವನ್ನು ಕಾಸರಗೋಡಿನ ಸಂಸ್ಥೆಯು ರೂಢಿಗೆ ತಂದಿದೆ.

ಎತ್ತರ, ತಂತಿ, ಕಾನೂನು

ಏಣಿಯಿಂದ ಎಟುಕದ ಮರವನ್ನು ಮನೆಯವರು ತಾವೇ ಹತ್ತಬಾರದು. ಹತ್ತುವ ಯಂತ್ರವನ್ನು ಬಳಸಬಲ್ಲ ತರಬೇತಾದ ಕೆಲಸಗಾರರನ್ನು ಕರೆಸಿ, ಸೊಂಟಕ್ಕೆ ಹಗ್ಗ ಬಿಗಿಸಿ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು ಕೆಲಸ ಮಾಡಿಸಬೇಕು. ವಿದ್ಯುತ್ ವಿತರಣಾ ಸಂಸ್ಥೆಯಾದ ಮಹಾವಿತರಣದ ತಂತಿಯ ಸಮೀಪದ ಗರಿಯನ್ನು, ಅದು ಒಂದೇ ಆಗಿದ್ದರೂ, ವಿದ್ಯುತ್ತನ್ನು ನಿಲ್ಲಿಸದೆ ಮುಟ್ಟಕೂಡದು. ಹಸಿಯ ಗರಿಯೂ ಲೋಹದ ಏಣಿಯೂ ವಿದ್ಯುತ್ತನ್ನು ಹರಿಸುತ್ತವೆ. ತಂತಿಯ ಕೆಳಗೆ ತೆಂಗನ್ನೋ ರಾಯಲ್ ಪಾಮನ್ನೋ ನೆಟ್ಟವನು ಮುಂದೊಂದು ದಿನ ಮರವನ್ನು ಕಳೆದುಕೊಳ್ಳಲೇಬೇಕು, ಏಕೆಂದರೆ ಅದರ ತಲೆಯನ್ನು ಪಕ್ಕಕ್ಕೆ ತಿರುಗಿಸುವ ಸವರಿಕೆಯೆಂಬುದು ಇಲ್ಲ. ನೆಡುವವರು ಗೋಡೆಯಿಂದ ಕನಿಷ್ಠ ಮೂರು-ನಾಲ್ಕು ಮೀಟರು ಒಳಗೆ, ತಂತಿಯಿಂದ ಬೆಳೆದ ಗರಿಯ ಉದ್ದಕ್ಕಿಂತಲೂ ಹೆಚ್ಚು ದೂರದಲ್ಲಿ ಕುಣಿ ತೋಡಬೇಕು. ಅಷ್ಟು ಸ್ಥಳವಿಲ್ಲದ ಅಂಗಳಕ್ಕೆ ಕತ್ತರಿಸಿದರೂ ಚಿಗುರುವ ಯುಕ್ಕ, ಡ್ರಸೀನಗಳೇ ಸಾಕು.

ಉಮರ್ಗಾ, ನಿಲಂಗಾ, ಉದಗೀರ ಮೂರೂ ನಗರಪರಿಷತ್ತಿನ ಪಟ್ಟಣಗಳು. 1975ರ ಮಹಾರಾಷ್ಟ್ರ ನಗರಪ್ರದೇಶ ವೃಕ್ಷಸಂರಕ್ಷಣಾ ಅಧಿನಿಯಮದ ಪ್ರಕಾರ ನಗರಪ್ರದೇಶದಲ್ಲಿ, ಅದು ಸ್ವಂತ ಅಂಗಳದ್ದೇ ಆಗಿರಲಿ, ಮರವನ್ನು ಕೆಡವಲು ವೃಕ್ಷ ಪ್ರಾಧಿಕಾರದ ಪೂರ್ವಾನುಮತಿ ಬೇಕು; ಸುಡುವುದು, ಕಡಿಯುವುದು, ಬೇರೆ ಯಾವುದೇ ರೀತಿಯಲ್ಲಿ ಹಾನಿಪಡಿಸುವುದು ಎಲ್ಲವೂ ಅಧಿನಿಯಮದ ದೃಷ್ಟಿಯಲ್ಲಿ ಕೆಡವುವುದರಲ್ಲಿಯೇ ಸೇರುತ್ತವೆ. ಆದುದರಿಂದ ಸುಳಿ ಸತ್ತ ತೆಂಗನ್ನಾಗಲಿ ಹೂಬಿಟ್ಟು ಮುಗಿದ ಬಗನಿಯನ್ನಾಗಲಿ ತೆಗೆಯಬೇಕಾದವರು ಕೊಡಲಿಯವನನ್ನು ಕರೆಯುವ ಮುನ್ನ ನಗರಪರಿಷತ್ತಿಗೆ ಅರ್ಜಿ ಸಲ್ಲಿಸಿ ಅಪ್ಪಣೆಯನ್ನು ಪಡೆಯತಕ್ಕದ್ದು.